ಕತ್ತರಿ ಇಡುವ ಮೊದಲು

ಮೂವತ್ತೊಂಬತ್ತನೇ ಟೋಕನ್ ನನ್ನದು.
ಶಿವಮೊಗ್ಗದ ದೊಡ್ಡಾಸ್ಪತ್ರೆ, ಸಕ್ಕರೆ ಕಾಯಿಲೆಯ ಬೆಂಚು.
ಪಟ್ಟಿ ಸುತ್ತಿದ ಕಾಲು ಚಾಚಿ ಕೂತವನ ಪಕ್ಕ
ಬಂದು ಕೂತಳು ಆ ಹುಡುಗಿ,
ಕೈಲೊಂದು ರಟ್ಟಿನ ಹಲಗೆ.

"ಪಿಸ್ಸೆ ಅವರೇ, ಒಂದೇ ಪ್ರಶ್ನೆ.
ಸಂಶೋಧನೆಗೆ ನಿಮ್ಮನ್ನು ಸೇರಿಸಿಕೊಳ್ಳುವ ಮೊದಲು
ನಿಮ್ಮ ಡಾಕ್ಟರ ಅನುಮತಿ ಕೇಳಬೇಕೋ, ಬೇಡವೋ?"

ಬೆಂಚಿನ ಆಚೆ ತುದಿಯಿಂದ ಮಾಬೂಬಿ:
"ಅವರು ಹ್ಞೂಂ ಅಂದ್ರೆ ನಂದೂ ಹ್ಞೂಂ.
ನಂಗೇನು ತಿಳೀತದೆ ತಾಯಿ."
ಭದ್ರಾವತಿಯಲ್ಲಿ ಕಬ್ಬಿಣ ಕಾಯಿಸಿದ ಡೇವಿಡಪ್ಪ ಗುರ್ರೆಂದ:
"ರಕ್ತ ನಂದು. ನಡುವೆ ಅವರ್ಯಾಕೆ?"

ನಾನು ಬೇಗ ಬಾಯಿ ಬಿಡಲಿಲ್ಲ.
ಹೋದ ವರ್ಷ ಇದೇ ಕಾಲು ಕಪ್ಪಾಗಿ ನಾರುವಾಗ
ಮೊಣಕಾಲ ಕೆಳಗೆ ತೆಗೆದುಬಿಡಿ ಎಂದವರು ಇಬ್ಬರು.
ತಡೀರಿ ಎಂದವರು ಇನಾಯತ್ ಡಾಕ್ಟರು.
ಹದಿನೇಳು ದಿನ ತಾವೇ ಕೂತು ಕೀವು ತೆಗೆದರು.
ಎರಡು ಬೆರಳು ಹೋದವು, ಅಷ್ಟೇ.
ಮೆಷಿನ್ನು ತುಳಿಯುತ್ತೇನೆ ಇವತ್ತಿಗೂ.
ಅಂಥವರು "ಆಗಲಿ" ಎಂದ ಮೇಲೆ
ಬೇಡ ಎನ್ನಲು ಈ ನಾಲಿಗೆ ಏಳುತ್ತದೆಯೇ?
ಅದೇ ನೋಡಮ್ಮ ತೊಡಕು.

ಗಾಂಧಿ ಬಜಾರಿನ ಒಳಗಲ್ಲಿಯಲ್ಲಿ
ನಲವತ್ತೆರಡು ವರ್ಷ ರವಿಕೆ ಹೊಲಿದವನು ನಾನು.
ಒಮ್ಮೆ, ನವಿಲುಗತ್ತಿನ ಬಣ್ಣದ ಕಣ ತಂದಾಕೆ
ಎದುರಿಗೇ ನಿಂತಿದ್ದಳು.
ಬೆನ್ನಿನ ಆಳ ಎಷ್ಟಿಡಲಿ ಅಂತ ನಾನು ಕೇಳಿದ್ದು
ಸ್ಕೂಟರಿನ ಮೇಲಿದ್ದ ಗಂಡನನ್ನ.
ಆತ ಮೂರು ಬೆರಳು ತೋರಿಸಿದ.
ಆಕೆ ನನ್ನ ಕೊರಳಿನ ಟೇಪು ಮೆಲ್ಲಗೆ ಎಳೆದು
ಮೇಜಿನ ಮೇಲಿಟ್ಟು,
ಬಟ್ಟೆ ಮಡಚಿಕೊಂಡು ಹೋದಳು.
ಮತ್ತೆ ಬರಲಿಲ್ಲ.
ಗಂಡ ಒಳ್ಳೆಯವನೇ ಇದ್ದ.

"ಬರಕೊಳ್ಳಮ್ಮ," ಅಂದೆ.
"ಬರ್ತೀಯಾ ಅಂತ ಮೊದಲು ನನ್ನನ್ನು ಕೇಳಿ.
ಇದರಿಂದ ಕಾಲಿಗೆ ಕೇಡುಂಟೇ ಅಂತ
ಆಮೇಲೆ ಅವರನ್ನು ಕೇಳಿ.
ನನ್ನನ್ನು ಕೇಳುವಾಗ
ಅವರ ಎದುರಿಗೆ ಮಾತ್ರ ಬೇಡ."

ಹುಡುಗಿ ಪೆನ್ನು ಎತ್ತಿದಳು, ಇಳಿಸಿದಳು.
ಹೌದು, ಇಲ್ಲ, ಗೊತ್ತಿಲ್ಲ:
ಮೂರೇ ಚೌಕ ಅವಳ ಹತ್ತಿರ.
"ಅಷ್ಟೆಲ್ಲ ಜಾಗ ಇಲ್ಲ ಅಂಕಲ್."

ಹಾಳೆಯ ಅಂಚು ಎರಡು ಬೆರಳಲ್ಲಿ ಹಿಡಿದು ನೋಡಿದೆ,
ಹಳೇ ಚಾಳಿ.
ಯಾರೋ ಬಿಗಿಯಾಗಿ ಕತ್ತರಿಸಿದ್ದಾರೆ.
ನಾಳೆ ಬಿಚ್ಚಿ ಹಿಗ್ಗಿಸೋಣ ಅಂದರೆ
ಒಳಗೆ ಬಟ್ಟೆಯನ್ನೇ ಬಿಟ್ಟಿಲ್ಲ.

ಮೂವತ್ತೊಂಬತ್ತು ಎಂದು ಕೂಗಿದರು.
ಬೆಂಚಿನಡಿ ಹೊಕ್ಕಿದ್ದ ನನ್ನ ಚಪ್ಪಲಿಯನ್ನು
ಮಾಬೂಬಿ ಕಾಲಿಂದಲೇ ಇತ್ತ ಸರಿಸಿದಳು.