ಕೊನೆಗೆ ಸರಿಯಿದ್ದದ್ದು ಯಾವಾಗ

ಫಾರಂನಲ್ಲಿ ಒಂದೇ ಒಂದು ಚೌಕ ಖಾಲಿ.
ಹೆಸರು ಬರೆದೆ: ಮಾಬುಸಾಬ್. ವಯಸ್ಸು ಅರವತ್ತೆಂಟು, ಅಂದಾಜು.
ಊರು ದಾವಣಗೆರೆ, ರೈಲು ಹಳಿಯ ಆಚೆ.
ಕಸುಬು ಮಂಡಕ್ಕಿ ಭಟ್ಟಿ.
ಬಲಗೈ ಎತ್ತಿ ಅಂದರೆ ಎಡಗೈ ಬಂದು ಅದನ್ನು
ಯಾರದೋ ಸಾಮಾನಿನಂತೆ ಎತ್ತಿ ತೋರಿಸಿತು.
ನಗಿ ಅಂದರೆ ಅರ್ಧ ಮುಖ ನಕ್ಕಿತು;
ಉಳಿದರ್ಧ ಕೇಳಿಸಿಕೊಳ್ಳಲೇ ಇಲ್ಲ.

"ಕೊನೆಗೆ ಸರಿಯಿದ್ದದ್ದು ಯಾವಾಗ ನೋಡಿದಿರಿ?"
ಡಾಕ್ಟರು ಎರಡನೇ ಸಲ ಕೇಳಿದರು.
ನಾಲ್ಕೂವರೆ ತಾಸು,
ಇಂಜೆಕ್ಷನ್ನಿಗೆ ಬಾಗಿಲು ತೆರೆದಿರುವುದು ಅಷ್ಟೇ.
ಪ್ಯಾರಿಬಿ ಸೆರಗಿನ ತುದಿ ಕಚ್ಚಿ ನಿಂತಳು.
"ನೋಡಿಲ್ಲ ಸಾರ್.
ನಿನ್ನೆ ರಾತ್ರಿಯಿಂದ ಮಾತು ಬಿಟ್ಟಿದ್ದೆ,
ಬೀಡಿ ಸಲುವಾಗಿ. ಮುಖಾನೇ ನೋಡಿಲ್ಲ."

ಬಾಗಿಲಲ್ಲಿ ಮೈದುನ:
ಗಾಳಿ ಸೋಕೈತಿ, ಪಾರಿವಾಳದ ರಕ್ತ ಹಚ್ಚಿದ್ರೆ...
ಯಾರೂ ತಿರುಗಲಿಲ್ಲ.

ಅವಳ ಕೈ ಹಿಡಿದೆ. ಬಿಸಿ ಮರಳು ಸುಟ್ಟ ಚುಕ್ಕಿಗಳು.
"ನೋಡದಿದ್ರೆ ಇರಲಿ. ಏನಾದರೂ ಕೇಳಿಸಿತಾ?"
ಕಣ್ಣು ಮುಚ್ಚಿ ಅವಳು ಭಟ್ಟಿಗೆ ವಾಪಸು ಹೋದಳು.
ಉಪ್ಪುನೀರು ಕುಡಿದ ಅಕ್ಕಿ. ಬಾಂಡಲೆಗೆ ಸೌಟಿನ ಸದ್ದು;
ನಲವತ್ತು ವರ್ಷ ಆ ಸದ್ದಿನ ಮೇಲೇ ಮಲಗಿ ಎದ್ದವಳು.
"ಹುಬ್ಬಳ್ಳಿ ಕಡೆ ರೈಲು ಕೂಗಿತು. ಆಗ ಸರಿ ಇತ್ತು.
ಆಮೇಲೆ ಸೌಟು ಕೆರೀತು, ನಿಂತಿತು, ಮತ್ತೆ ಕೆರೀತು.
ಸಿಟ್ಟು ತೀರಿಸ್ಕೊಳ್ತಾರೆ ಅಂದ್ಕೊಂಡೆ."

ಮೊಬೈಲು ತೆಗೆದೆ.
ರೈಲು ಇವತ್ತು ಹನ್ನೊಂದು ನಿಮಿಷ ತಡ.
ಐದು ಇಪ್ಪತ್ಮೂರು, ಚೌಕದಲ್ಲಿ ಬರೆದೆ.
ಗೋಡೆಯಲ್ಲಿ ಏಳು ಹತ್ತು.
ಸ್ಟ್ರೆಚರ್ ಓಡಿತು.

ಪರದೆಯ ಮೇಲೆ ನೆನೆದ ಅಕ್ಕಿಯ ಬಣ್ಣದ ಮಿದುಳು.
"ಬಿಳಿ ಎಲ್ಲೂ ಇಲ್ಲ," ಅಂದರು ಡಾಕ್ಟರು.
ಈ ಒಂದು ಯಂತ್ರದಲ್ಲಿ ಮಾತ್ರ ರಕ್ತ ಬಿಳಿ.
ಒಡೆದದ್ದಲ್ಲ ಹಾಗಾದರೆ, ಕಟ್ಟಿಕೊಂಡದ್ದು.
ಕರಗಿದರೆ ಕರಗೀತು.

ಮದ್ದು ನರಕ್ಕಿಳಿಯುವಾಗ ಮಿಕ್ಕದ್ದೆಲ್ಲ ಬಂತು,
ಕೇಳದೆಯೇ, ಚೂರು ಚೂರಾಗಿ:
ಬಿ.ಪಿ. ಗುಳಿಗೆ ತಲೆನೋವು ಬಂದ ದಿನ ಮಾತ್ರ.
ಉಪ್ಪು ನೋಡಲಿಕ್ಕೆಂದು ಪ್ರತಿ ಒಬ್ಬೆಗೂ ಒಂದು ಹಿಡಿ ಬಾಯಿಗೆ.
ಸಕ್ಕರೆ ಕಾಯಿಲೆ ತಮ್ಮನಿಗಂತೆ, ತನಗಿಲ್ಲವಂತೆ; ರಕ್ತ ಕೊಟ್ಟು ನೋಡಿದ್ದಿಲ್ಲ.
ಎದೆಗೆ ಕಿವಿಯಿಟ್ಟರೆ ಬಡಿತ ಒಮ್ಮೊಮ್ಮೆ ಲೆಕ್ಕ ತಪ್ಪುತ್ತಿತ್ತು,
ಅದನ್ನು ಯಾರಿಗೆ ಹೇಳುವುದು, ನಾಚಿಕೆ.
ಮತ್ತೆ, ಹೋದ ರಂಜಾನಿನಲ್ಲಿ ಒಂದು ನಸುಕು
ಹತ್ತು ನಿಮಿಷ ನಾಲಿಗೆ ತೊದಲಿತು;
ನಿದ್ದೆಗಣ್ಣು ಅಂತ ಇಬ್ಬರೂ ನಕ್ಕಿದ್ದರು.

ಅಲ್ಲಿಗೆ ಬಂದು ನಿಂತಳು.
"ಹಂಗಾದ್ರೆ ಆ ಚೌಕದಾಗ ತಪ್ಪು ಬರೆಸಿದ್ನಾ ಸಿಸ್ಟರ್?
ಸರಿ ಇದ್ದದ್ದು ಅದಕ್ಕೂ ಮುಂಚೆ ಅಲ್ವಾ?"

ಇಂಜೆಕ್ಷನ್ನಿಗೆ ಬೇಕಿದ್ದದ್ದು ಅದೇ, ಅಂದೆ.
ಇನ್ನೊಂದಕ್ಕೆ ಫಾರಂನಲ್ಲಿ ಜಾಗವಿಲ್ಲ.

ಒಂಬತ್ತರ ಸುಮಾರಿಗೆ ಬಲಗೈ ಹೆಬ್ಬೆರಳು ಅಲುಗಿತು.
ಅವಳು ಮುಖವನ್ನೇ ನೋಡುತ್ತ ಕೂತಿದ್ದಳು.
ನಾನೇ ಹೇಳಬೇಕಾಯಿತು: ಕೈ ನೋಡಮ್ಮ, ಕೈ.