ಅರ್ಧ ಇಟ್ಟಂಗಿ

ಒಲಿ ಭಾಳ ಉರಿಯಾಕತ್ತೈತಿ ಅಂತ
ಫೋನು ಬಂದಾಗ ಇನ್ನೂ ಆರು ಹೊಡೆದಿರಲಿಲ್ಲ.
ಕುಡ್ತರಿಯ ಬೇಕರಿ, ಎಸ್ಪೆರಾನ್ಸಾ ಬಾಯಾರು.
ಅರ್ಧ ಕೊಂಕಣಿ, ಅರ್ಧ ಹಿಂದಿ, ಸಿಟ್ಟು ಮಾತ್ರ ಪೂರಾ:
ಪೊಯಿ ಹೊರಗ ಇದ್ದಲಿ, ಒಳಗ ಹಸಿ ಹಿಟ್ಟು,
ಸೈಕಲ್ ಮ್ಯಾಲ ಹೋದ ಬುಟ್ಟಿ
ಹಾರ್ನು ಹೊಡಕೊಂತ ಹಂಗ ವಾಪಸ್ ಬಂತಂತ,
ಮೂರನೇ ದಿನ ಇದು.

ಒಲಿ ನಾ ಕಟ್ಟಿದ್ದಲ್ಲ. ಬಾಯಾರ ಮಾವನ ಕಾಲದ್ದು,
ಕೆಂಪುಕಲ್ಲಿನ ಗುಮ್ಮಟ, ಸುಣ್ಣಕ್ಕ ಬೆಲ್ಲ ಕಲಸಿದ ಗಾರಿ.
ಇಂಥಾ ಒಲಿ
ಸುಮ್ಮಸುಮ್ಮನ ಸಿಟ್ಟಿಗೇಳೂದಿಲ್ಲ.

ಮೊದಲು ಕಟಗಿ. ಗೇರಿನ ಎರಡು ತುಂಡು
ಒಂದಕ್ಕೊಂದು ಬಡಿದೆ.
ಟಣ್ ಅಂದ್ರ ಅತೀ ಒಣಗಿದ್ದು, ದಪ್ ಅಂದ್ರ ಹಸಿ.
ನಡುವಿನ ದನಿ ಬಂತು. ಕಟಗೀದು ತಪ್ಪಿಲ್ಲ.

ಕಬ್ಬಿಣದ ಬಾಗಿಲ ಸಂದ್ಯಾಗ ಹತ್ತರ ನೋಟು ಇಟ್ಟು
ಮುಚ್ಚಿ ಎಳೆದೆ. ಸಡಿಲ ಇದ್ರ ನೋಟು ಜಾರಿ ಬರಬೇಕು.
ಹರೀತು.
ಬಾಗಲದೂ ತಪ್ಪಿಲ್ಲ. ಹತ್ತು ರೂಪಾಯಿ
ಬಾಯಾರ ಲೆಕ್ಕಕ್ಕ ಬರಕೊಂಡೆ.

ಚಿಮಣಿ ತಗಡು ಅರ್ಧಕ್ಕ ಸರಿಸಿದೆ, ಮುಕ್ಕಾಲಕ್ಕ ಸರಿಸಿದೆ,
ಒಳಗಿನ ಭರ್ರ್ ಅನ್ನೂ ಸದ್ದು ನಿಲ್ಲವಲ್ದು.
ಹಾಸುಗಲ್ಲಿಗೆ ಒಂದು ಚಿಟಿಕಿ ಹಿಟ್ಟು ಒಗೆದೆ:
ಹತ್ತು ಎಣಿಸೂದ್ರಾಗ ಕಂದು ಆಗಬೇಕು,
ಮೂರಕ್ಕ ಕರಕಾತು.

ಬೀಡಿ ಹಚ್ಚಿದೆ, ಸುಮ್ಮನ ವಿಚಾರ ಮಾಡಾಕ.
ಹೊಗಿ ಮ್ಯಾಲ ಹೋಗಲಿಲ್ಲ.
ಬಸ್ಸು ತಪ್ಪತೈತಿ ಅನ್ನವರಂಗ ಓಡಿತು
ಕೆಳಗಿನ ಗಾಳಿಕಿಂಡಿಗೆ.

ಮಂಡಿಯೂರಿ ನೋಡಿದೆ. ಕಿಂಡಿ ಹೊಸ್ತಿಲ ಮ್ಯಾಲ
ಸುತ್ತ ಮಸಿ, ನಡುವ ಮಸಿ ಇಲ್ಲದ ಒಂದು ಚೌಕ,
ಅಂಗೈ ಅಗಲದ್ದು.
ಯಾವುದೋ ಒಂದು ಎಷ್ಟೋ ವರ್ಷ ಅಲ್ಲಿ ಕುಂತಿತ್ತು,
ಈಗ ಎದ್ದು ಹೋಗೇತಿ.

ರಾತ್ರಿ ಉರಿ ಹಾಕಾವ ಯಮನೂರ,
ಕುಷ್ಟಗಿ ಕಡೆಯವ, ಬಂದು ತಿಂಗಳಾಗಿಲ್ಲ,
ಹಿಂದಿನ ಖೋಲ್ಯಾಗ ಮೈದಾ ಚೀಲದ ಮ್ಯಾಲ ಮಲಗಿದ್ದ.
ತಲಿ ಕೆಳಗ ಟವೆಲ್ ಸುತ್ತಿದ್ದು ಏನೋ.
ಮುಟ್ಟಿದೆ. ಗಟ್ಟಿ. ಇನ್ನೂ ಬೆಚ್ಚಗ.

ಕಣ್ಣು ಬಿಟ್ಟಾವ ನನ್ನ ಕೈ ನೋಡಿದ, ಮಾರಿ ನೋಡಲಿಲ್ಲ.
"ಕಿವಿ ಸೋರತೈತಣ್ಣಾ. ಕಾವು ಕೊಟ್ರ ಒಂದೀಟು ನಿದ್ದಿ.
ಅಲ್ಲೆ ಹಂಗ ಬಿದ್ದಿತ್ತು, ಯಾರದೂ ಅಲ್ಲಂತ ತಿಳಿದೆ."

ಡಿಸೆಂಬರಿನ ಗದ್ದಿ ಮಂಜು ಕಿಡಕ್ಯಾಗ ನಿಂತಿತ್ತು.
ನಾ ಏನೂ ಅನ್ನಲಿಲ್ಲ.
ಹಿತ್ತಲ ಗ್ವಾಡಿ ಬಿದ್ದಲ್ಲಿಂದ ಒಂದು ಇಟ್ಟಂಗಿ ತಂದೆ,
ಕರಣಿಯಿಂದ ಎರಡೇ ಏಟು, ಸರಿ ಅರ್ಧಕ್ಕ ಒಡೀತು,
ಚೌಕದ ಮ್ಯಾಲ ಕುಂದರಿಸಿದೆ.
ಒಲಿ ಒಂದು ಸಲ ಉಸಿರು ಎಳಕೊಂಡು
ತನ್ನ ದನಿಗೆ ಬಂತು.

ತಾಸು ಬಿಟ್ಟು ಹಿಟ್ಟು ಒಗೆದೆ. ಎಂಟು, ಒಂಬತ್ತು,
ಗೋಧಿ ಬಣ್ಣ.

"ಏನಾಗಿತ್ತು?" ಅಂದ್ರು ಬಾಯಾರು.
ಗಾಳಿ, ಅಂದೆ.
ಚೀಟಿ ಓದಿದ್ರು. "ಇಟ್ಟಂಗಿ ಎರಡು ಬರದೀ, ಒಂದ ಕಾಣತೈತಿ."
ಇನ್ನೊಂದು ಒಳಗೈತಿ, ಅಂದೆ. ಸುಳ್ಳಲ್ಲ.

ನಾಕು ದಿನಕ್ಕ ಮತ್ತ ಫೋನು.
"ಮೇಸ್ತ್ರಿ, ಒಲಿ ಹೊತ್ತವಲ್ದು!
ಪೊಯಿ ಬೆಳ್ಳಗ, ಸತ್ತವರ ಮಾರಿ ಹಂಗ."
ನನಗ ನಗಿ ಬಂತು, ಆಮ್ಯಾಲ ಬರಲಿಲ್ಲ.
ಹುಡುಗ ತನ್ನ ಅರ್ಧಾನೂ ತಂದು
ಕಿಂಡಿಗೆ ಇಟ್ಟಾನ.

ಫೋನು ಯಮನೂರನ ಕೈಯಾಗ ಕೊಡ್ರಿ, ಅಂದೆ.
ಅತ್ಲಾಗಿಂದ ಉಸಿರಷ್ಟ ಕೇಳತಿತ್ತು.
ಯಾವ ಕಿವಿಗೆ ಹಿಡಿದಾನೋ.
"ಲೇ, ಒಂದು ತಗೀ," ಅಂದೆ ಜೋರಾಗಿ,
"ತಗದು ನೀ ಇಟ್ಕೋ.
ರೊಕ್ಕ ಬಂದೈತಿ ಅದರದು."