ಕಾಲಿಗೆ ಬುದ್ಧಿ

ಆ ವರ್ಷ ಉಕಯಾಲಿ ಹೊಳೆ ಮೂರು ವಾರ
ಮನೆಗಳ ಅಟ್ಟಣಿಗೆ ಕೆಳಗೇ ಮಲಗಿತ್ತು.
ಇಳಿದ ಮೇಲೆ ಪೆಕೆಪೆಕೆ ದೋಣಿಯಲ್ಲಿ ನಾನು ಹೋದೆ:
ಒಂದು ಸೂಕ್ಷ್ಮದರ್ಶಕ, ನೂರಾಹತ್ತು ಡಬ್ಬಿ,
ನಮ್ಮ ಆಸ್ಪತ್ರೆಯವರು ಅಚ್ಚುಹಾಕಿಸಿದ ಪೋಸ್ಟರು.

ಅದರಲ್ಲಿ ಪಟ್ಟಣದ ಭಾಷೆ ಇತ್ತು, ನಗುವ ಮಗು ಇತ್ತು,
ಆ ಊರಲ್ಲಿಲ್ಲದ ನಲ್ಲಿ ಇತ್ತು.
ಶಾಲೆಯ ಗೋಡೆಗೆ ಹಚ್ಚಿದೆ.
ಮರುದಿನ ಮೀನು ಕಟ್ಟಿಕೊಂಡು ಹೋಯಿತು.

ಡಬ್ಬಿ ಹಂಚಿದಾಗ ನಕ್ಕಿದ್ದೇ ನಕ್ಕಿದ್ದು.
ಇಂಥದ್ದನ್ನು ಕೇಳಿಕೊಂಡು ಇಷ್ಟು ದೂರ ಬಂದವನಿಗೆ
ಒಂದು ಹೆಸರೂ ಬಿತ್ತು; ಇಲ್ಲಿ ಬರೆಯಲಾರೆ.

ಪೆಸಿನ್ ರಾತೆ ನಗಲಿಲ್ಲ.
ಮೊಮ್ಮಗಳು ಸೊಯಿ ಮಣ್ಣು ತಿನ್ನುತ್ತಿದ್ದಳು,
ರೆಪ್ಪೆ ಮಗುಚಿದರೆ ಒಳಗೆ ಕೆಂಪೇ ಇಲ್ಲ.
ಮಸೂರಕ್ಕೆ ಕಣ್ಣಿಟ್ಟು ಬಹಳ ಹೊತ್ತು ಸುಮ್ಮನಿದ್ದಳು.
"ಚೆನ್ನಾಗಿದೆ. ಯಾರು ಬರೆದದ್ದು?"

ಮೊಟ್ಟೆ, ಅಂದೆ. ಕೊಕ್ಕೆಹುಳದ್ದು.
ನೆಲಕ್ಕೆ ಬಿದ್ದು, ಮರಿಯಾಗಿ, ಬರಿಗಾಲಿನೊಳಗೆ ತೂರಿ
ರಕ್ತದ ದಾರಿ ಹಿಡಿದು, ಶ್ವಾಸಕೋಶ, ಕೆಮ್ಮು, ಗಂಟಲು,
ನುಂಗಿದರೆ ಹೊಟ್ಟೆ, ಹೊಟ್ಟೆಯಿಂದ ಮತ್ತೆ ನೆಲ.

"ಕೆಮ್ಮು ಕೂಡ?"
ಹೂಂ.
"ಹದಿನೇಳು ದಿನ ಕೆಮ್ಮಿದಳು. ಗಾಳಿ ಸೋಕಿತೆಂದು ಹೊಗೆ ಹಾಕಿದೆವು."
ನಾನು ಏನೂ ಹೇಳಲಿಲ್ಲ. ಹೊಗೆಯ ವಿಷಯ ನನಗೇನು ಗೊತ್ತು.
ಮಾತ್ರೆ ಕೊಟ್ಟೆ.
"ಇದು ಇವತ್ತಿನ ಹುಳಕ್ಕೆ. ನಾಳೆಯದಕ್ಕೆ?"

ಓದಲು ಬಾರದ ಹೆಂಗಸು. ಗೆರೆ ಮಾತ್ರ
ಅಜ್ಜಿಯ ಕೈಯಿಂದ ತುಂಡಾಗದೆ ಅವಳ ಕೈಗೆ ಬಂದದ್ದು.
ಹಳೇ ಬಟ್ಟೆ ಹಾಸಿ, ಕಡ್ಡಿಯನ್ನು ತೊಗಟೆಯ ಬಣ್ಣಕ್ಕೆ ಅದ್ದಿ
ಹಿಮ್ಮಡಿಯಿಂದ ಹೊರಟಳು. ತಿರುವು, ಮೂಲೆ, ಮತ್ತೆ ತಿರುವು,
ಎದೆ ಹತ್ತಿ, ಗಂಟಲಿಂದ ಜಾರಿ, ಹೊಟ್ಟೆ ಬಳಸಿ, ನೆಲ.
ಹಿಮ್ಮಡಿಗೆ ಮರಳಿ ಸೇರಲು ಬೆರಳಗಲ ಬಾಕಿ ಇದ್ದಾಗ
ಕೈ ನಿಂತಿತು.

ಹಾಗೆ ಗೆರೆ ಬಿಟ್ಟರೆ ಅಜ್ಜಿ ಕೈಮೇಲೆ ಹೊಡೆಯುತ್ತಿದ್ದಳಂತೆ.
ಆ ಸಂದಿನಲ್ಲಿ ಎರಡು ಚಪ್ಪಲಿ ಬರೆದಳು,
ಒಂದು ಎಡದ್ದು,
ಇನ್ನೊಂದೂ ಎಡದ್ದೇ.

ಗೆರೆ ಕಪ್ಪಾಗಲು ಹೊಳೆದಂಡೆಯ ಕೆಸರೇ ಬೇಕು.
ತರಲು ಹೊರಟವಳು ಕೊನೆಯ ಮೆಟ್ಟಿಲಲ್ಲಿ ತಡೆದಳು,
ಹಿಂತಿರುಗಿ ಅಳಿಯನ ರಬ್ಬರು ಬೂಟಿಗೆ ಪಾದ ತೂರಿಸಿದಳು.
ಕಾಲಿಗೆ ಬುದ್ಧಿ ಹೇಳಿದಳು; ಓಡಲಿಲ್ಲ,
ಪಚಕ್ ಪಚಕ್ ಎನ್ನುತ್ತ ಕೆಸರಿಗೇ ನಡೆದಳು.

ಮೇಲಿನಿಂದ ಅಳಿಯ ಬರಿಗಾಲಲ್ಲಿ ನಿಂತು ಕೂಗುತ್ತಿದ್ದ.
ಆ ಮನೆಯಲ್ಲಿದ್ದದ್ದು ಅದೊಂದೇ ಜೊತೆ.